ಪ್ರಭುಭೋಜನದ ಬಟ್ಟಲೂ ಫ್ಲೂ ಜ್ವರವೂ

ಹಂದಿಜ್ವರವೆಂದು ಜನ ಕರೆದ ಎಚ್‌1ಎನ್‌1 ಫ್ಲೂವನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರ ಜೂನ್ 11ರಂದು ಜಾಗತಿಕ ಪಿಡುಗೆಂದು ಘೋಷಿಸಿದಾಗ, ಇಂಗ್ಲೆಂಡಿನ ಚರ್ಚುಗಳು ಪ್ರಭುಭೋಜನದ ಬಗೆಗೆ ಯೋಚಿಸಬೇಕಾಯಿತು. ಯೇಸುವಿನ ಕಡೆಯ ಭೋಜನವನ್ನು ಸ್ಮರಿಸುವ ಈ ವಿಧಿಯಲ್ಲಿ ರೊಟ್ಟಿಯೊಡನೆ ದ್ರಾಕ್ಷಾರಸವನ್ನೂ ಹಂಚುತ್ತಾರೆ. ಒಂದೇ ಬಟ್ಟಲು ಸಾಲಾಗಿ ಮಂಡಿಯೂರಿದವರ ತುಟಿಯಿಂದ ತುಟಿಗೆ ಸಾಗುವುದರಿಂದ, ಪ್ರತಿ ಸಲ ಅಂಚನ್ನು ಬಟ್ಟೆಯಿಂದ ಒರೆಸಿದರೂ ಸೋಂಕಿನ ಭಯ ಪೂರ್ತಿ ಅಳಿಯುವುದಿಲ್ಲ. ಆದ್ದರಿಂದ ಜುಲೈನಲ್ಲಿ ಕ್ಯಾಂಟರ್‌ಬರಿ ಮತ್ತು ಯಾರ್ಕ್‌ನ ಆರ್ಚ್‌ಬಿಷಪ್ಪರು ಬಟ್ಟಲು ಹಂಚುವುದನ್ನು ತಾತ್ಕಾಲಿಕವಾಗಿ ನಿಲ್ಲಿಸುವಂತೆ ಸಲಹೆ ನೀಡಿದರು. ಅನಿವಾರ್ಯವಾದಾಗ ರೊಟ್ಟಿಯೊಂದನ್ನೇ ಕೊಡಲು 1547ರ ಕಾಯಿದೆಯಲ್ಲೇ ಅವಕಾಶವಿತ್ತು. ಎಚ್ಚರಿಕೆಯು ಭಕ್ತಿಗೆ ವಿರೋಧವೆಂಬ ಅಳುಕಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಆದರೆ ನಿಜವಾದ ಸಿದ್ಧತೆ ಚರ್ಚಿನ ಗೋಡೆಗಳಾಚೆ ನಡೆಯಬೇಕು. ರೋಗಿಯು ಮನೆಯಲ್ಲೇ ಉಳಿಯಲೆಂದು, ಅವನ ಪರವಾಗಿ ಔಷಧಿ ತಂದುಕೊಡುವ ನೆಂಟರನ್ನೋ ನೆರೆಯವರನ್ನೋ ಬ್ರಿಟನ್ನಿನ ಆರೋಗ್ಯ ಇಲಾಖೆ ಆಗ ‘ಫ್ಲೂ ಸ್ನೇಹಿತ’ ಎಂದು ಕರೆಯಿತು. ಅಂಥ ಸ್ನೇಹಿತರಿಲ್ಲದ ಒಂಟಿ ವೃದ್ಧರು ಯಾರು, ಅವರ ಬಾಗಿಲಿಗೆ ಊಟ ಮುಟ್ಟಿಸುವವರು ಯಾರು ಎಂಬುದು ವಾರವಾರವೂ ಸೇರುವ ಸಭೆಗೆ ಚೆನ್ನಾಗಿ ಗೊತ್ತಿರುತ್ತದೆ. ಜ್ವರ ಹಬ್ಬುವ ಮುನ್ನವೇ ಪ್ರತಿ ಸಭೆಯೂ ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿ.