ಕಸಿಯಾದ ಮೂರನೇ ದಿನ, ಒಂದು ಹಳೇ ಔಷಧಿ

ಕಿಡ್ನಿ ಕಸಿ ಮಾಡಿದಾಗ ರೋಗಿಯ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸಬಹುದು ಅನ್ನೋದು ಬಹಳ ಜನಕ್ಕೆ ಗೊತ್ತು. ಬ್ಲಡ್ ಕ್ಯಾನ್ಸರ್ ರೋಗಿಗೆ ದಾನಿಯ ಸ್ಟೆಮ್ ಸೆಲ್ ಹಾಕಿದಾಗ ಆಗೋದು ಉಲ್ಟಾ. ಜೊತೆಗೆ ಬಂದ ದಾನಿಯ ಟಿ ಸೆಲ್‌ಗಳು ರೋಗಿಯ ಇಡೀ ದೇಹವನ್ನೇ ಶತ್ರು ಅಂದುಕೊಂಡು ಚರ್ಮ, ಕರುಳು, ಲಿವರ್ ಮೇಲೆ ಬೀಳುತ್ತವೆ. ವೈದ್ಯರು ಇದನ್ನು ಜಿವಿಎಚ್‌ಡಿ ಅಂತಾರೆ. ಕ್ಯಾನ್ಸರ್ ಗೆದ್ದವರೂ ಇದರಿಂದ ಸತ್ತಿದ್ದಾರೆ.

ಟಿ ಸೆಲ್‌ಗಳನ್ನು ಮೊದಲೇ ತೆಗೆದುಬಿಟ್ಟರೆ? ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲೋದೂ, ಸೋಂಕು ತಡೆಯೋದೂ ಅವೇ.

ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು ಬೆಳೆಸಿದ ದಾರಿ ನನಗೆ ಹಿಡಿಸಿದ್ದು ಅದರ ಟೈಮಿಂಗ್‌ನಿಂದ. ಕಸಿಯಾದ 3 ಮತ್ತು 4ನೇ ದಿನ ಸೈಕ್ಲೋಫಾಸ್ಫಮೈಡ್ ಅನ್ನೋ ಹಳೇ ಕೀಮೋ ಔಷಧಿ ಕೊಡುತ್ತಾರೆ. ಅಷ್ಟರಲ್ಲಿ ರೋಗಿಯ ವಿರುದ್ಧ ಕೆರಳಿದ ಟಿ ಸೆಲ್‌ಗಳು ಒಂದೇ ಸಮನೆ ದ್ವಿಗುಣವಾಗುತ್ತಿರುತ್ತವೆ, ಏಟು ಹೆಚ್ಚಾಗಿ ಅವಕ್ಕೇ ಬೀಳುತ್ತೆ. ಸುಮ್ಮನಿರುವ ಟಿ ಸೆಲ್‌ಗಳು ಬಹುಮಟ್ಟಿಗೆ ಬಚಾವ್. ಸ್ಟೆಮ್ ಸೆಲ್‌ಗಳಲ್ಲಿ ಈ ಔಷಧಿಯ ವಿಷ ಇಳಿಸುವ ಕಿಣ್ವ ಹೇರಳವಾಗಿದೆ, ಅವೂ ಬಚಾವ್. (ಕತೆ ಇಷ್ಟು ನೇರವಾಗಿಲ್ಲ. ಕೆರಳಿದವೆಲ್ಲ ಸಾಯಲ್ಲ, ಕೆಲವು ಮಂಕಾಗುತ್ತವೆ, ಅವನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಸೆಲ್‌ಗಳು ಬೇಗ ಚೇತರಿಸಿಕೊಳ್ಳುತ್ತವೆ ಅಂತ ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿವೆ.)

2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 431 ರೋಗಿಗಳಿದ್ದರು. ಒಂದು ವರ್ಷದ ಹೊತ್ತಿಗೆ ಕ್ಯಾನ್ಸರ್ ಮರುಕಳಿಸದೆ, ಗಂಭೀರ ಜಿವಿಎಚ್‌ಡಿ ಇಲ್ಲದೆ ಬದುಕಿದ್ದವರು ಹಳೇ ಪದ್ಧತಿಯಲ್ಲಿ ಶೇ. 34.9, ಇದರಲ್ಲಿ ಶೇ. 52.7. ಒಟ್ಟಾರೆ ಬದುಕುಳಿದವರ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ, ಅದನ್ನೂ ಹೇಳಬೇಕು. ಆದರೆ ವರ್ಷಗಟ್ಟಲೆ ಜಿವಿಎಚ್‌ಡಿ ಜೊತೆ ಬದುಕೋದು ಸಣ್ಣ ಶಿಕ್ಷೆಯಲ್ಲ.

ನಮಗಿಲ್ಲಿ ಇದು ಯಾಕೆ ಮುಖ್ಯ? ಒಡಹುಟ್ಟಿದ ಒಬ್ಬರು ಪೂರ್ತಿ ಮ್ಯಾಚ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮನೆಗೆ ಒಂದೇ ಮಗು ಇರುವ ಕಾಲ ಇದು. ಹೊರಗಿನ ದಾನಿ ಹುಡುಕೋಣ ಅಂದರೆ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾದಂಥ ಸಂಸ್ಥೆಗಳು ಕೆನ್ನೆಯೊಳಗಿನ ಸ್ವ್ಯಾಬ್ ತಗೊಂಡು ದಾನಿಗಳನ್ನು ನೋಂದಾಯಿಸುತ್ತಿದ್ದರೂ ಜಾಗತಿಕ ಪಟ್ಟಿಯಲ್ಲಿ ಭಾರತೀಯರು ತೀರಾ ಕಮ್ಮಿ. ಅಪ್ಪ, ಅಮ್ಮ, ಮಕ್ಕಳು ಮಾತ್ರ ಅರ್ಧ ಮ್ಯಾಚ್ ಆಗೇ ಆಗುತ್ತಾರೆ. ಈ ಔಷಧಿ ಮೊದಲು ಹೆಸರು ಮಾಡಿದ್ದೇ ಅಂಥ ಕಸಿಗಳಲ್ಲಿ.

ಸೈಕ್ಲೋಫಾಸ್ಫಮೈಡ್‌ಗೆ ಈಗ ಪೇಟೆಂಟ್ ಇಲ್ಲ, ಬೆಲೆ ಕಮ್ಮಿ. ಇಂಥ ಔಷಧಿ ಮೇಲೆ ದುಡ್ಡು ಸುರಿಯೋಕೆ ಕಂಪನಿಗಳಿಗೆ ಏನಿದೆ ಆಸೆ? ಆ ಪ್ರಯೋಗಕ್ಕೆ ಹಣ ಕೊಟ್ಟಿದ್ದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಗಳು. ಔಷಧಿ ಅಗ್ಗ ಸರಿ, ಕಸಿ ಅಗ್ಗವಲ್ಲ. ವಾರಗಟ್ಟಲೆ ಪ್ರತ್ಯೇಕ ಕೋಣೆ, ಸೋಂಕಿನ ಔಷಧಿ, ರಕ್ತ, ಎಲ್ಲ ಸೇರಿ ಬಿಲ್ಲು ಲಕ್ಷಗಳಲ್ಲಿ. ನಮ್ಮ ಆರೋಗ್ಯ ಬಜೆಟ್‌ಗೆ ಕೇಳಬೇಕಾದ ಪ್ರಶ್ನೆ ಇರೋದು ಅಲ್ಲಿ.