ಹೆದರಿಕೆ, ಬೆದರಿಕೆ, ಕಬ್ಬಿಣದ ಕಡಲೆ: ಎದೆಗುಂದಿಸುವುದನ್ನು ಕನ್ನಡ ಹೇಳುವ ಬಗೆ

ಸಾರಾಂಶ: ಎದುರಿಗಿರುವ ಕೆಲಸವೋ ವಸ್ತುವೋ ಮನಸ್ಸನ್ನು ಕುಗ್ಗಿಸುತ್ತದೆ ಎಂಬುದನ್ನು ಇಂಗ್ಲಿಷು ವಿಶೇಷಣದ ಮೂಲಕ ಆ ವಸ್ತುವಿನ ಗುಣವಾಗಿ ಹೇಳಬಲ್ಲದು. ಕನ್ನಡವು ಅದನ್ನು ಬಹುಮಟ್ಟಿಗೆ ಅನುಭವಿಯ ಸ್ಥಿತಿಯಾಗಿ ಹೇಳುತ್ತದೆ. ವಿಭಕ್ತಿ, ಸಹಾಯಕ ಕ್ರಿಯಾಪದ ಮತ್ತು ರೂಪಕಗಳ ಆಯ್ಕೆಯು ಆ ಸ್ಥಿತಿಯ ಹೊಣೆ ಯಾರದೆಂಬುದನ್ನೂ ಸೂಚಿಸುತ್ತದೆಂದು ಈ ಲೇಖನದಲ್ಲಿ ವಾದಿಸಿದ್ದೇವೆ. ಪ್ರಶ್ನಾವಳಿಗಳ ಅನುವಾದಕ್ಕೆ ಇದರಿಂದ ಒದಗುವ ತೊಡಕನ್ನು ಕೊನೆಯಲ್ಲಿ ಚರ್ಚಿಸಿದ್ದೇವೆ.

1. ಸಮಸ್ಯೆ

‘ಇಂಟಿಮಿಡೇಟಿಂಗ್’, ‘ಡಾಂಟಿಂಗ್’, ‘ಡಿಸ್‌ಕರೇಜಿಂಗ್’ ಎಂಬ ವಿಶೇಷಣಗಳು ಕುಗ್ಗಿದವರು ಯಾರೆಂದು ಹೇಳದೆಯೇ ವಸ್ತುವನ್ನು ಬಣ್ಣಿಸುತ್ತವೆ. ಇವುಗಳಿಗೆ ಸಮಾನವಾದ ಒಂಟಿಪದ ಕನ್ನಡದಲ್ಲಿ ಸುಲಭವಾಗಿ ಸಿಗುವುದಿಲ್ಲ. ‘ಭಯಂಕರ’ ಎಂಬ ಸಂಸ್ಕೃತ ಪದವು ಮೂಲತಃ ಭಯವನ್ನುಂಟುಮಾಡುವ ವಸ್ತುವನ್ನೇ ಹೇಳುತ್ತದಾದರೂ ಆಡುಮಾತಿನಲ್ಲಿ ತೀವ್ರತಾವಾಚಕವಾಗಿ ಸವೆದಿದೆ. ‘ಭಯಂಕರ ಬಿಸಿಲು’ ಎಂಬಲ್ಲಿ ಯಾರೂ ಹೆದರಿಲ್ಲ; ‘ಭಯಂಕರ ಚೆನ್ನಾಗಿದೆ’ ಎಂಬಲ್ಲಿ ಭಯದ ಸುಳಿವೇ ಇಲ್ಲ. ‘ನಿರಾಶಾದಾಯಕ’ ಎಂಬುದು ಕೈಗೂಡದ ನಿರೀಕ್ಷೆಯನ್ನು ಹೇಳುತ್ತದೆಯೇ ಹೊರತು ಮುಂದಿರುವ ಕೆಲಸದ ಎದುರು ಹುಟ್ಟುವ ಅಳುಕನ್ನಲ್ಲ. ಹಾಗಾದರೆ ಕನ್ನಡವು ಈ ಅರ್ಥವನ್ನು ಎಲ್ಲಿರಿಸುತ್ತದೆ? ಉದಾಹರಣೆಗಳು ಇಂದಿನ ಬರಹಗನ್ನಡದವು. ಆಡುಮಾತಿನವು ಮೈಸೂರಿನ ವಿಜಯನಗರದಂಥ ಬಡಾವಣೆಗಳಲ್ಲಿ ನಿತ್ಯ ಕಿವಿಗೆ ಬೀಳುವ ಬಗೆಯವು.

2. ಚತುರ್ಥಿಯ ಎರಡು ನೆಲೆಗಳು

(1) ಹುಡುಗ ಗಣಿತಕ್ಕೆ ಹೆದರುತ್ತಾನೆ.
(2) ಹುಡುಗನಿಗೆ ಗಣಿತವೆಂದರೆ ಭಯ.

(1)ರಲ್ಲಿ ಅನುಭವಿಗೆ ಪ್ರಥಮಾ ವಿಭಕ್ತಿ, ಭಯಕ್ಕೆ ಕಾರಣವಾದ ವಸ್ತುವಿಗೆ ಚತುರ್ಥಿ. (2)ರಲ್ಲಿ ಚತುರ್ಥಿಯು ಅನುಭವಿಗೆ ಸಂದಿದೆ. ಕನ್ನಡದ ಚತುರ್ಥೀ ಅನುಭವಿಗಳನ್ನು ಎಸ್. ಎನ್. ಶ್ರೀಧರ್ ಅವರು 1970ರ ದಶಕದಿಂದಲೇ ಚರ್ಚಿಸಿದ್ದಾರೆ. ವರ್ಮಾ ಮತ್ತು ಮೋಹನನ್ ಸಂಪಾದಿಸಿದ 1990ರ ಸಂಪುಟವು ದಕ್ಷಿಣ ಏಷ್ಯಾದ ಭಾಷೆಗಳ ಹಿನ್ನೆಲೆಯಲ್ಲಿ ಈ ವಿಷಯವನ್ನು ವಿಸ್ತರಿಸಿತು. ಎರಡು ರಚನೆಗಳ ನಡುವಿನ ಅರ್ಥಭೇದ ನಿಷೇಧದಲ್ಲಿ ಸ್ಪಷ್ಟವಾಗುತ್ತದೆ:

(3) ಹೆದರಬೇಡ. ಅಂಜಬೇಡ. ಭಯಪಡಬೇಡ.
(4) *ನಿನಗೆ ಭಯವಾಗಬೇಡ.

‘ನಿನಗೆ ಭಯವಾಗದಿರಲಿ’ ಎಂದು ಹಾರೈಸಬಹುದು, ಅಪ್ಪಣೆ ಕೊಡಲಾಗದು. ‘ಹೆದರು’, ‘ಅಂಜು’, ‘ಪಡು’ಗಳೊಡನೆ ಭಯವು ಅನುಭವಿಯು ತಡೆಯಬಹುದಾದ ವರ್ತನೆಯಾಗುತ್ತದೆ, ‘ಆಗು’ವಿನೊಡನೆ ತಾನಾಗಿ ಒದಗಿದ ಸ್ಥಿತಿಯಾಗುತ್ತದೆ. ಎರವಲು ಪದಗಳೂ ಇದೇ ಹಾದಿ ಹಿಡಿದಿವೆ. ‘ಎಕ್ಸಾಮ್ ಅಂದ್ರೆ ನಂಗೆ ಟೆನ್ಶನ್ ಆಗತ್ತೆ’ ಎನ್ನುವ ಮಗಳಿಗೆ ತಾಯಿ ‘ಟೆನ್ಶನ್ ಮಾಡ್ಕೋಬೇಡ’ ಎನ್ನುತ್ತಾಳೆ. ಮಗಳ ‘ಆಗು’ ತಾಯಿಯ ಬಾಯಲ್ಲಿ ‘ಮಾಡಿಕೊಳ್ಳು’ ಆಗಿದೆ: ಒದಗಿದ್ದೆಂದು ಮಗಳು ಹೇಳಿದುದನ್ನು ತಾಯಿ ಮಗಳೇ ತಂದುಕೊಂಡದ್ದೆಂದು ತಿರುಗಿಸಿದ್ದಾಳೆ.

3. ‘ಬೆದರಿಸುವ’ ಏಕೆ ಸಾಲದು?

‘ಇಂಟಿಮಿಡೇಟಿಂಗ್’ ಎಂಬುದಕ್ಕೆ ಮೊದಲು ಹೊಳೆಯುವ ಪದ ‘ಬೆದರಿಸುವ’. ಅಕರ್ಮಕ ‘ಬೆದರು’ ಧಾತುವಿನಲ್ಲಿ ಬೆದರಿಸುವವನಿಲ್ಲ: ದನ ಬೆದರುತ್ತದೆ, ಜಿಂಕೆ ಬೆದರುತ್ತದೆ. ಪ್ರೇರಣಾರ್ಥಕ ‘-ಇಸು’ ಸೇರಿದೊಡನೆ ಸಂಕಲ್ಪವುಳ್ಳ ಕರ್ತೃ ಬೇಕಾಗುತ್ತಾನೆ.

(5) ಸಾಲಗಾರನನ್ನು ಅವನು ಬೆದರಿಸಿದ.
(6) ?ಪ್ರಶ್ನೆಪತ್ರಿಕೆ ವಿದ್ಯಾರ್ಥಿಗಳನ್ನು ಬೆದರಿಸಿತು.
(7) ಪ್ರಶ್ನೆಪತ್ರಿಕೆ ವಿದ್ಯಾರ್ಥಿಗಳನ್ನು ಕಂಗೆಡಿಸಿತು.

ಪ್ರಶ್ನೆಪತ್ರಿಕೆಗೆ ಮನುಷ್ಯತ್ವವನ್ನು ಆರೋಪಿಸಿದಾಗ ಮಾತ್ರ (6) ಸಲ್ಲುತ್ತದೆ. ನಾಮರೂಪಗಳಲ್ಲಿ ಭೇದ ಇನ್ನೂ ನಿಚ್ಚಳ. ಇಂದಿನ ಬಳಕೆಯಲ್ಲಿ ‘ಹೆದರಿಕೆ’ ಆಗುತ್ತದೆ, ‘ಬೆದರಿಕೆ’ಯನ್ನು ಹಾಕುತ್ತಾರೆ ಅಥವಾ ಒಡ್ಡುತ್ತಾರೆ, ‘*ಹೆದರಿಕೆ ಹಾಕಿದ’ ಎಂಬುದಿಲ್ಲ. ‘ನನಗೆ ಹೆದರಿಕೆ ಬಂತು’, ‘ನನಗೆ ಬೆದರಿಕೆ ಬಂತು’ ಎಂಬ ಎರಡು ವಾಕ್ಯಗಳಲ್ಲಿ ವಿಭಕ್ತಿಯೂ ಕ್ರಿಯಾಪದವೂ ಒಂದೇ. ಆದರೂ ಮೊದಲನೆಯದರ ‘ನನಗೆ’ ಅನುಭವಿ, ಎರಡನೆಯದರ ‘ನನಗೆ’ ಗ್ರಾಹಿ. ಮೊದಲನೆಯದು ಒಳಗೆ ಹುಟ್ಟಿತು, ಎರಡನೆಯದನ್ನು ಹೊರಗಿನಿಂದ ಯಾರೋ ಕಳುಹಿಸಿದರು.

ಸಂಕಲ್ಪವಿಲ್ಲದ ಕಾರಣವಸ್ತುವಿಗೆ ಒಪ್ಪುವ ಸಕರ್ಮಕಗಳು ಹೆಚ್ಚಾಗಿ ಅಂಗವಾಚಿ ಸಮಾಸಗಳಿಂದ ಬಂದಿವೆ: ಎದೆ+ಕುಂದು ‘ಎದೆಗುಂದು’, ಕಣ್+ಕೆಡು ‘ಕಂಗೆಡು’, ಇವುಗಳಿಂದ ‘ಎದೆಗುಂದಿಸು’, ‘ಕಂಗೆಡಿಸು’. ಇವು ಒಂದಕ್ಕೊಂದು ಪರ್ಯಾಯಗಳಲ್ಲ. ಕಂಗೆಟ್ಟವನಿಗೆ ದಾರಿ ಕಾಣದು. ಎದೆಗುಂದಿದವನಿಗೆ ದಾರಿ ಕಂಡರೂ ನಡೆಯುವ ಧೈರ್ಯ ಸಾಲದು. ಹಿಂಜರಿದವನು ಇನ್ನೂ ಹೊರಟೇ ಇಲ್ಲ. ಕೈಚೆಲ್ಲಿದವನು ಪ್ರಯತ್ನವನ್ನೇ ಬಿಟ್ಟಿದ್ದಾನೆ. ಇಂಗ್ಲಿಷಿನ ‘ಡಿಸ್‌ಕರೇಜಿಂಗ್’ ಈ ನಾಲ್ಕು ಹಂತಗಳನ್ನೂ ಒಳಗೊಳ್ಳಬಲ್ಲದು. ಅನುವಾದಕನು ಒಂದನ್ನು ಆಯ್ದುಕೊಳ್ಳಲೇಬೇಕು.

4. ಕಡಲೆ ಮತ್ತು ಗುಮ್ಮ

ವಸ್ತುವನ್ನೇ ನೇರವಾಗಿ ಬಣ್ಣಿಸಬೇಕಾದಾಗ ಕನ್ನಡವು ನಾಮಪದದ ರೂಪಕಕ್ಕೆ ಮೊರೆಹೋಗುತ್ತದೆ.

(8) ಅವಳಿಗೆ ವ್ಯಾಕರಣ ಕಬ್ಬಿಣದ ಕಡಲೆ.
(9) ವ್ಯಾಕರಣವೆಂಬ ಗುಮ್ಮ.

(8)ರಲ್ಲಿ ಗಡಸುತನ ವಸ್ತುವಿನದು, ಅದನ್ನು ಅಗಿಯಬೇಕಾದ ಹಲ್ಲು ಅನುಭವಿಯದು. ಚತುರ್ಥಿಯು ಇವೆರಡರ ಸಂಬಂಧವನ್ನು ಹೇಳುತ್ತದೆಯೇ ಹೊರತು ತಪ್ಪನ್ನು ಯಾರ ಮೇಲೂ ಹೊರಿಸುವುದಿಲ್ಲ. ಗುಮ್ಮ ಹಾಗಲ್ಲ. ಪುರಂದರದಾಸರ ಕೀರ್ತನೆಯಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡುತ್ತಾನೆ; ಗುಮ್ಮನಿಲ್ಲವೆಂಬುದು ತಾಯಿಗೂ ಗೊತ್ತು, ಕೇಳುಗರಿಗೂ ಗೊತ್ತು. ಆದ್ದರಿಂದ ‘ಗುಮ್ಮ’ ಎಂದವರು ಭಯಕ್ಕೆ ಆಧಾರವಿಲ್ಲವೆಂದೂ ಜೊತೆಗೇ ಹೇಳಿರುತ್ತಾರೆ. ‘ಕಡಲೆ’ಯು ಕಷ್ಟವನ್ನು ಒಪ್ಪುತ್ತದೆ, ‘ಗುಮ್ಮ’ನು ಅದನ್ನು ಅಲ್ಲಗಳೆಯುತ್ತಾನೆ.

5. ಅನುವಾದಕ್ಕೆ ಒದಗುವ ತೊಡಕು

ಭಾರತೀಯ ಭಾಷಾ ಸಂಸ್ಥಾನವು 1969ರಲ್ಲಿ ಸ್ಥಾಪನೆಯಾದಂದಿನಿಂದ ಮೈಸೂರು ಭಾಷಾಬೋಧನೆ ಮತ್ತು ಅನುವಾದಗಳ ಕೇಂದ್ರವಾಗಿದೆ. ಶಿಕ್ಷಣ ಹಾಗೂ ಮನೋವಿಜ್ಞಾನದ ಸಂಶೋಧಕರು ಇಂಗ್ಲಿಷಿನ ಮಾಪನಗಳನ್ನು ಕನ್ನಡಕ್ಕೆ ತರುವಾಗ ಮೇಲಿನ ಭೇದಗಳು ಕೇವಲ ಶೈಲಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಗಣಿತವು ‘ಇಂಟಿಮಿಡೇಟಿಂಗ್’ ಎನಿಸುತ್ತದೆಯೇ ಎಂಬ ಒಂದೇ ಪ್ರಶ್ನೆ ಕನ್ನಡದಲ್ಲಿ ಮೂರಾಗಬಹುದು:

(10) ನೀನು ಗಣಿತಕ್ಕೆ ಹೆದರುತ್ತೀಯಾ?
(11) ಗಣಿತವೆಂದರೆ ನಿನಗೆ ಭಯವಾಗುತ್ತದೆಯೇ?
(12) ಗಣಿತ ನಿನಗೆ ಕಬ್ಬಿಣದ ಕಡಲೆಯೇ?

(10) ವಿದ್ಯಾರ್ಥಿಯ ಧೈರ್ಯವನ್ನು ಕೇಳುತ್ತದೆ. ‘ಹೌದು’ ಎಂದರೆ ತನ್ನ ಕೊರತೆಯನ್ನು ತಾನೇ ಒಪ್ಪಿದಂತೆ. (11) ಸ್ಥಿತಿಯನ್ನು ಕೇಳುತ್ತದೆ. (12) ವಿಷಯದ ಕ್ಲಿಷ್ಟತೆಯನ್ನು ಕೇಳುತ್ತದೆ, ಭಯವನ್ನಲ್ಲ. ಮೂರಕ್ಕೂ ಬರುವ ಉತ್ತರಗಳನ್ನು ಒಂದೇ ಅಂಕಣದಲ್ಲಿ ಕೂಡಿಸಿದರೆ ಭಿನ್ನ ಸಂಗತಿಗಳನ್ನು ಒಂದೆಂದು ಎಣಿಸಿದಂತಾಗುತ್ತದೆ.

ಇಂಥ ಮಾಪನಗಳಿಗೆ (11)ರ ‘ಆಗು’ ರಚನೆ ಹೆಚ್ಚು ಸೂಕ್ತವೆಂಬುದು ನಮ್ಮ ಅಭಿಪ್ರಾಯ. ಅದು ಅನುಭವವನ್ನು ಕೇಳುತ್ತದೆ, ಅನುಭವಿಯನ್ನು ವಿಚಾರಣೆಗೆ ನಿಲ್ಲಿಸುವುದಿಲ್ಲ. ಅನುವಾದವನ್ನು ಮರಳಿ ಇಂಗ್ಲಿಷಿಗೆ ತಂದು ಪರಿಶೀಲಿಸುವ ರೂಢಿಯ ಕ್ರಮವು (10) ಮತ್ತು (11)ರ ಭೇದವನ್ನು ಹಿಡಿಯಲಾರದು, ಏಕೆಂದರೆ ಎರಡೂ ಇಂಗ್ಲಿಷಿನಲ್ಲಿ ಒಂದೇ ವಾಕ್ಯವಾಗಿ ಮರಳುತ್ತವೆ. (3), (4)ರ ನಿಷೇಧಪರೀಕ್ಷೆ ಅದನ್ನು ಹಿಡಿಯುತ್ತದೆ. ಭಾವವಾಚಿ ಪ್ರಶ್ನೆಗಳ ಅನುವಾದವನ್ನು ಅಂತಿಮಗೊಳಿಸುವ ಮುನ್ನ ಪ್ರತಿ ವಾಕ್ಯವನ್ನೂ ಆ ಪರೀಕ್ಷೆಗೆ ಒಡ್ಡಬೇಕೆಂದು ಸೂಚಿಸುತ್ತೇವೆ.