ಹರಾಜಿನಲ್ಲಿ ಕೊಂಡವರಿಗೂ ಹಕ್ಕುಂಟು

‘ಒಂದು ಸಾರಿ... ಎರಡು ಸಾರಿ... ಮೂರು ಸಾರಿ!’ ಅಡಿಕೆ ಮಂಡಿಯಲ್ಲೋ ಊರ ದೇವಸ್ಥಾನದ ಅಂಗಳದಲ್ಲೋ ಈ ಕೂಗು ಕೇಳದವರು ಕಡಿಮೆ. ಅಲ್ಲಿ ಬಾಳೆಗೊನೆಯನ್ನು ಎತ್ತಿ ನೋಡಬಹುದು, ತೆಂಗಿನಕಾಯಿಯನ್ನು ಅಲುಗಿಸಿ ನೋಡಬಹುದು. ಮಾರುವವನ ಮುಖವೂ ಪರಿಚಿತ. ಆನ್‌ಲೈನ್ ಹರಾಜಿನಲ್ಲಿ ಇರುವುದು ಒಂದು ಚಿತ್ರ, ನಾಲ್ಕು ಸಾಲಿನ ವಿವರಣೆ. ಹಳೆಯ ಲ್ಯಾಪ್‌ಟಾಪನ್ನೋ ಕ್ಯಾಮರಾವನ್ನೋ ಅಗ್ಗಕ್ಕೆ ಕೊಳ್ಳಹೊರಟ ವಿದ್ಯಾರ್ಥಿ ಅಷ್ಟನ್ನೇ ನಂಬಿ, ಅಪ್ಪ-ಅಮ್ಮ ಕೂಡಿಟ್ಟ ಹಣ ಕಳಿಸಬೇಕು. ಬಂದ ಪೆಟ್ಟಿಗೆಯಲ್ಲಿ ಒಡೆದ ಪರದೆ ಇದ್ದರೆ? ಪೆಟ್ಟಿಗೆಯೇ ಬಾರದಿದ್ದರೆ?

ಈ ಬಗೆಯ ವ್ಯಾಪಾರವನ್ನು ಜನಪ್ರಿಯಗೊಳಿಸಿದ್ದು ಪಿಯರ್ ಒಮಿಡ್ಯಾರ್ 1995ರಲ್ಲಿ ಅಮೆರಿಕದಲ್ಲಿ ಆರಂಭಿಸಿದ, ಮುಂದೆ ‘ಇಬೇ’ ಎಂದು ಹೆಸರಾದ ತಾಣ. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಅದು ಕೆಟ್ಟಿದೆಯೆಂಬುದು ಕೊಂಡವನಿಗೆ ತಿಳಿದೇ ಇತ್ತು. ವಸ್ತು ಕೆಟ್ಟಿದ್ದರೂ ಅಡ್ಡಿಯಿಲ್ಲ, ಕೆಟ್ಟಿದೆಯೆಂದು ಹೇಳಿ ಮಾರಬೇಕು. ಹರಾಜಿನ ನೀತಿಯೆಲ್ಲ ಇದರಲ್ಲೇ ಅಡಗಿದೆ. ಇಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಆದರೂ ಹಳೆಯ ವಸ್ತುಗಳ ಆನ್‌ಲೈನ್ ಮಾರಾಟ ನಿಂತಿಲ್ಲ.

ಹಳೆಯ ಕಾಯ್ದೆ, ಹೊಸ ಪೇಟೆ

ಕೊಳ್ಳುವವರಿಗೆ ಆಸರೆಯಾಗಿ 1930ರ ಸರಕು ಮಾರಾಟ ಕಾಯ್ದೆ ಇದೆ. ವಿವರಣೆ ನಂಬಿ ಕೊಂಡ ಸರಕು ಆ ವಿವರಣೆಗೆ ತಕ್ಕಂತಿರಬೇಕು ಎನ್ನುತ್ತದೆ ಅದರ 15ನೆಯ ಕಲಂ. ಹರಾಜಿಗೆಂದೇ ಇರುವುದು 64ನೆಯ ಕಲಂ. ಬೆಲೆ ಏರಿಸಲು ಮಾರುವವನು ತನ್ನವರಿಂದಲೇ ಸುಳ್ಳು ಸವಾಲು ಕೂಗಿಸಿದ್ದರೆ, ಆ ಮಾರಾಟವನ್ನು ರದ್ದುಪಡಿಸುವ ಹಕ್ಕು ಕೊಂಡವನಿಗಿದೆ.

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಆನ್‌ಲೈನ್ ಖರೀದಿಯನ್ನೂ ಒಳಗೊಂಡಿದೆ. ಅದರಡಿ 2020ರಲ್ಲಿ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ ಪ್ರತಿ ತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ಬಂದಿದೆಯೆಂದು ಆತ 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವಿರುವ ಅಥವಾ ಜಾಹೀರಾತಿಗೆ ಹೊಂದದ ಸರಕನ್ನು ವಾಪಸು ಪಡೆಯಲಾರೆನೆಂದು ವ್ಯಾಪಾರಿ ಹೇಳುವಂತಿಲ್ಲ. ಕೊಂಡವರು ಲಿಖಿತವಾಗಿ ಕೇಳಿದರೆ ಮಾರಿದವರ ವಿಳಾಸವನ್ನೂ ತಾಣ ಕೊಡಬೇಕು.

ಇಲ್ಲೊಂದು ಎಚ್ಚರ. ಮಾರುವುದನ್ನೇ ಕಸುಬಾಗಿ ಮಾಡದೆ, ಮನೆಯ ಹಳೆಯ ಫೋನೊಂದನ್ನು ಮಾರುವ ವ್ಯಕ್ತಿಗೆ ಈ ಇ-ವಾಣಿಜ್ಯ ನಿಯಮಗಳು ಅನ್ವಯಿಸುವುದಿಲ್ಲ. ಆದುದರಿಂದ ಮಾರುವವರು ಅಂಗಡಿಯವರೋ ಖಾಸಗಿ ವ್ಯಕ್ತಿಯೋ ಎಂಬುದನ್ನು ಹಣ ಕೊಡುವ ಮೊದಲೇ ತಿಳಿಯಬೇಕು. ಖಾಸಗಿಯವರಿಂದ ಕೊಳ್ಳುವುದಾದರೆ ಕೈಯಲ್ಲಿ ಹಿಡಿದು, ಚಾಲೂ ಮಾಡಿ ನೋಡಿ ಹಣ ಕೊಡುವುದೇ ಕ್ಷೇಮ.

ದೂರು ಕೊಡುವ ಬಗೆ

ಮೊದಲ ಕೆಲಸ ದಾಖಲೆ ಕಾಪಾಡುವುದು. ವಸ್ತುವಿನ ವಿವರಣೆ, ಚಿತ್ರ, ಮಾರಿದವರೊಡನೆ ನಡೆದ ಸಂದೇಶ, ಹಣ ಸಂದಾಯದ ರಸೀತಿ ಎಲ್ಲವನ್ನೂ ಉಳಿಸಿಡಬೇಕು. ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೋ ತೆಗೆದರೆ ಮುಂದೆ ವಾದಕ್ಕೆ ಎಡೆಯಿರದು. ನಂತರ ಮಾರಿದವರಿಗೂ ತಾಣದ ಅಧಿಕಾರಿಗೂ ಲಿಖಿತ ದೂರು ಕೊಡಬೇಕು. ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕರ ಆಯೋಗ. ಮಾರಿದವರು ದೆಹಲಿಯಲ್ಲಿದ್ದರೂ ಧಾರವಾಡದ ಗ್ರಾಹಕರು ಧಾರವಾಡದಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಆದರೆ ತೊಂದರೆಯಾದ ಎರಡು ವರ್ಷದೊಳಗೆ ದೂರು ಸಲ್ಲಬೇಕು.

ಹಣ ಪಡೆದವನು ನಾಪತ್ತೆಯಾದರೆ ಅದು ವಂಚನೆ. ಆಗ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ತಿಳಿಸಬೇಕು. ಹಣ ಖಾತೆಯಿಂದ ಖಾತೆಗೆ ಸಾಗಿಬಿಡುವ ಮೊದಲು ತಡೆಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ‘ತಾಣದ ಮೂಲಕ ಬೇಡ, ನೇರವಾಗಿ ಕಳಿಸಿ, ಕಡಿಮೆ ಮಾಡುತ್ತೇನೆ’ ಎಂಬ ಮಾತೇ ಮೋಸದ ಮೊದಲ ಸುಳಿವು. ಹಣ ಪಡೆಯಲು ಒಟಿಪಿ ಹೇಳುವ, ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ.

ಮನೆಯಲ್ಲೇ ಮೊದಲ ಮಾತು

1872ರ ಕರಾರು ಕಾಯ್ದೆಯಂತೆ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಆದುದರಿಂದ ಪಿಯುಸಿ ಓದುವ ಮಗನೋ ಮಗಳೋ ಸವಾಲು ಹಾಕುವ ಮೊದಲು ತಂದೆ-ತಾಯಿಯ ಜೊತೆ ಕೂತು ನಿಯಮ ಓದಿ, ಅವರ ಹೆಸರಿನಲ್ಲೇ ಕೊಳ್ಳುವುದು ಸರಿಯಾದ ದಾರಿ. ಮೋಸಹೋದ ಮಕ್ಕಳು ಬೈಗುಳಕ್ಕೆ ಹೆದರಿ ಸುಮ್ಮನಾದರೆ ಹಣ ಮರಳಿ ಸಿಗುವ ಅವಕಾಶವೂ ಕೈತಪ್ಪುತ್ತದೆ. ಬೈಯುವುದಿದ್ದರೆ ಆಮೇಲೆ ಬೈಯಬಹುದು. ಮೊದಲು ದೂರು ದಾಖಲಾಗಲಿ.